ಕಾಡುದಾರಿಯ ನಡಿಗೆಯಲ್ಲಿ ದೊಡ್ಡ ಕತ್ತಿಯನ್ನು ಮೈಗೆ ತೊಂದರೆಯಾಗದಂತೆ ಒಯ್ಯುವ ಬಗೆ

ಮಳೆಗಾಲ ಮುಗಿದ ಹೊಸತರಲ್ಲಿ ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿ ಕಡೆ ಹೊಲಕ್ಕೂ ತೋಟಕ್ಕೂ ಹೋಗುವ ಕಾಲುದಾರಿಗಳು ಅರ್ಧಕ್ಕರ್ಧ ಮುಚ್ಚಿಹೋಗಿರುತ್ತವೆ. ಎದೆಮಟ್ಟದ ಹುಲ್ಲು, ಲಂಟಾನದ ಮುಳ್ಳುಗೆಲ್ಲು, ದಾರಿಗೆ ಅಡ್ಡ ಜೋತ ಬಳ್ಳಿ ಇವುಗಳ ನಡುವೆ ಊರಿನವರ ಜೊತೆ ನಡೆಯುವಾಗ ಒಂದು ಅಡಿ ಅಲಗಿನ ಕತ್ತಿಯೊಂದು ಕೈಗೆ ಸಿಗುವಂತಿದ್ದರೆ ದೊಡ್ಡ ಅನುಕೂಲ. ಆದರೆ ಅದೇ ಕತ್ತಿಯನ್ನು ನಾಲ್ಕು ತಾಸು ಸೊಂಟಕ್ಕೆ ಕಟ್ಟಿಕೊಂಡು ನಡೆದವರಿಗೆ ತೊಡೆಯ ಮೇಲಿನ ಕಂದು ಗಾಯ, ಉಜ್ಜಿ ಕೆಂಪಾದ ಸೊಂಟ, ಕೂತಾಗಲೆಲ್ಲ ಪಕ್ಕೆಗೆ ತಿವಿಯುವ ಹಿಡಿಕೆ ಎಲ್ಲವೂ ಪರಿಚಿತ. ಹೀಗಾದಾಗ ಹೆಚ್ಚಿನವರು ಕತ್ತಿ ಭಾರವಾಯಿತೆಂದು ತಿಳಿದು ಹಗುರವಾದದ್ದನ್ನು ಹುಡುಕುತ್ತಾರೆ. ಹಲವು ವರ್ಷ ಈ ಭಾಗದಲ್ಲಿ ನಡೆದ ಮೇಲೆ ನನಗೆ ಮನವರಿಕೆಯಾದ ಸಂಗತಿ ಬೇರೆ: ಮೈಯನ್ನು ನೋಯಿಸುವುದು ಕತ್ತಿಯ ಭಾರವಲ್ಲ, ಅದರ ತೂಗಾಟ. ಮುಕ್ಕಾಲು ಕಿಲೋ ತೂಕದ ಕತ್ತಿ ಬೆನ್ನುಚೀಲದ ಪಕ್ಕಕ್ಕೆ ಬಿಗಿಯಾಗಿ ಅಂಟಿಕೊಂಡಿದ್ದರೆ ಅದು ಇದೆಯೆಂಬುದೇ ಮರೆತುಹೋಗುತ್ತದೆ. ಅದರರ್ಧ ತೂಕದ್ದು ಒಂದೇ ಕಡೆ ಕಟ್ಟಿಸಿಕೊಂಡು ಜೋತಾಡಿದರೆ ಪ್ರತಿ ಹೆಜ್ಜೆಗೊಂದು ಪೆಟ್ಟು ಕೊಡುತ್ತದೆ. ಒಂದು ಕಿಲೋಮೀಟರಿಗೆ ಸುಮಾರು 1,300 ಹೆಜ್ಜೆ ಬೀಳುತ್ತವೆ ಎಂಬುದನ್ನು ನೆನೆದರೆ ಸಂಜೆಯ ಹೊತ್ತಿಗೆ ತೊಡೆ ಯಾಕೆ ಹಾಗಾಗುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಆದ್ದರಿಂದ ಮುಂದೆ ಹೇಳುವುದೆಲ್ಲ ಒಂದೇ ಕೆಲಸಕ್ಕೆ ಸಂಬಂಧಿಸಿದ್ದು: ಕತ್ತಿಯನ್ನು ಮೇಲೊಂದು, ಕೆಳಗೊಂದು, ಹೀಗೆ ಎರಡು ಕಡೆ ಹಿಡಿದು ಅಲುಗದಂತೆ ಮಾಡುವುದು.

ಮೊದಲು, ಒಯ್ಯಬಹುದೇ ಎಂಬ ಪ್ರಶ್ನೆ

ಇದನ್ನು ಕೊನೆಗಿಡುವಂತಿಲ್ಲ, ಏಕೆಂದರೆ ಬೆಳಗಾವಿಯಿಂದ ಕಾಡಿಗೆ ಹೊರಟವರ ಮನಸ್ಸಿಗೆ ಮೊದಲು ಬರುವ ಹೆಸರೇ ಭೀಮಗಡ. ಭೀಮಗಡ 2011ರಲ್ಲಿ ವನ್ಯಜೀವಿಧಾಮವಾಗಿ ಘೋಷಣೆಯಾದ ಕಾಡು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೆಯ ಕಲಮಿನ ಪ್ರಕಾರ ಲಿಖಿತ ಪೂರ್ವಾನುಮತಿ ಇಲ್ಲದೆ ಯಾರೂ ಆಯುಧದೊಡನೆ ವನ್ಯಜೀವಿಧಾಮವನ್ನು ಪ್ರವೇಶಿಸುವಂತಿಲ್ಲ, ಮತ್ತು ಆ ಕಾಯ್ದೆ ಆಯುಧ ಎಂಬ ಪದಕ್ಕೆ ಕೊಡುವ ಅರ್ಥದಲ್ಲಿ ಚಾಕುವೂ ಸೇರಿದೆ. ಹಾಗಾಗಿ ಅಲ್ಲಿಗೆ ಅನುಮತಿ ಪಡೆದು ಚಾರಣಕ್ಕೆ ಹೋಗುವವರು ದೊಡ್ಡ ಕತ್ತಿಯನ್ನು ಮನೆಯಲ್ಲೇ ಬಿಡಬೇಕು. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ಚಿಂಕಾರಾ ವನ್ಯಜೀವಿಧಾಮಕ್ಕೂ ಇದೇ ಮಾತು ಅನ್ವಯಿಸುತ್ತದೆ. ಬಾದಾಮಿಯ ಬಂಡೆಗಳಲ್ಲಿ ಅಲೆಯುವವರಿಗೆ ಕತ್ತಿಯಿಂದ ಆಗಬೇಕಾದ ಕೆಲಸವೇ ಇಲ್ಲ. ಮೀಸಲು ಅರಣ್ಯದಲ್ಲಿ ಗಿಡ ಕಡಿಯುವುದು ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ದಾರಿ ಮಾಡಿಕೊಳ್ಳಲು ಕಡಿದೆನೆಂದರೂ ಅದು ತಪ್ಪುವುದಿಲ್ಲ. ಉಳಿಯುವುದು ಸ್ವಂತ ಹೊಲ, ಮಾಲೀಕರ ಒಪ್ಪಿಗೆ ಇರುವ ತೋಟ, ಊರಿನವರು ತಾವೇ ಪ್ರತಿ ವರ್ಷ ಸವರಿ ಬಳಸುವ ದಾರಿ. ನಾನು ಹೇಳುತ್ತಿರುವುದು ಇಂಥ ಜಾಗಗಳಲ್ಲಿನ ನಡಿಗೆಯ ಬಗ್ಗೆ.

ಕತ್ತಿಯ ಆಯ್ಕೆಯೂ ಇದಕ್ಕೆ ಸೇರಿಕೊಂಡಿದೆ. 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಳ್ಳ ಹರಿತ ಆಯುಧಗಳನ್ನು 2016ರ ಆಯುಧ ನಿಯಮಗಳು ಪಟ್ಟಿಮಾಡಿವೆ, ಆದರೆ ಮನೆಬಳಕೆಗೆ ಅಥವಾ ಒಕ್ಕಲುತನಕ್ಕೆಂದು ಮಾಡಿದ ಉಪಕರಣಗಳನ್ನು ಅದರಿಂದ ಹೊರಗಿಟ್ಟಿವೆ. ಆದ್ದರಿಂದ ಹಲ್ಲುಹಲ್ಲಿನ ಬೆನ್ನು, ಕಪ್ಪು ಬಣ್ಣ, ಯುದ್ಧದ ಸಾಮಾನಿನಂಥ ರೂಪ ಇರುವ ಕತ್ತಿಯನ್ನು ಅಂತರಜಾಲದಲ್ಲಿ ತರಿಸುವ ಬದಲು ಊರಿನ ಕಮ್ಮಾರರ ಹತ್ತಿರ ಸಾದಾ ಒಕ್ಕಲುತನದ ಕತ್ತಿಯನ್ನೇ ಮಾಡಿಸುವುದು ಎಲ್ಲ ದೃಷ್ಟಿಯಿಂದಲೂ ಒಳ್ಳೆಯದು. ಹಾಗೆಂದು ಒಕ್ಕಲುತನದ್ದೇ ಆದರೂ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್‌ ನಿಲ್ದಾಣದಲ್ಲಿ ಓಡಾಡುವುದು ಸರಿಯಲ್ಲ. ಪೊಲೀಸರು ನಿಲ್ಲಿಸಿ ಕೇಳಿದರೆ ಅವರ ತಪ್ಪೇನೂ ಇಲ್ಲ. ಚುನಾವಣೆ ಮತ್ತು ಹಬ್ಬದ ದಿನಗಳಲ್ಲಿ ಆಯುಧ ಒಯ್ಯುವುದನ್ನು ನಿಷೇಧಿಸುವ ಆದೇಶಗಳೂ ಹೊರಡುತ್ತವೆ. ಮನೆಯಿಂದ ಕಾಲುದಾರಿ ಸಿಗುವವರೆಗೆ ಕತ್ತಿ ಒರೆಯೊಳಗೆ, ಒರೆ ಚೀಲದೊಳಗೆ, ಚೀಲದ ಬಾಯಿ ಕಟ್ಟಿ ಇರಬೇಕು.

ಎಂಥ ಕತ್ತಿ

ನೇರವಾದ ಅಲಗು ಇರಲಿ. ನಮ್ಮಲ್ಲಿ ಬಳಸುವ ಹಲವು ಕೊಯ್ತಾಗಳ ತುದಿ ಕೊಕ್ಕಿನಂತೆ ಬಾಗಿರುತ್ತದೆ. ಮುಳ್ಳುಕಂಟಿ ಎಳೆದು ಕಡಿಯಲು ಅದು ಬಹಳ ಸೊಗಸಾದ ರೂಪ, ಆದರೆ ಮೇಲಿನಿಂದ ತೂರಿಸುವ ಒರೆಗೆ ಅದು ಹೋಗುವುದಿಲ್ಲ, ಪಕ್ಕದಿಂದ ತೆರೆಯುವ ಒರೆಯನ್ನೇ ಬೇರೆ ಮಾಡಿಸಬೇಕಾಗುತ್ತದೆ. ಅಲಗು 10ರಿಂದ 12 ಇಂಚು ಸಾಕು. ಅದಕ್ಕಿಂತ ಉದ್ದವಾದರೆ ಹಿಡಿಕೆಯೂ ಸೇರಿ ಚೀಲದ ಪಕ್ಕದಲ್ಲಿ ಕೂರಿಸುವುದು ಕಷ್ಟ. ಲಾರಿಯ ಹಳೆಯ ಕಮಾನು ಪಟ್ಟಿಯಿಂದ ಬಡಿದು ಮಾಡಿದ ಕತ್ತಿ ಬಹುಕಾಲ ಹರಿತವನ್ನು ಉಳಿಸಿಕೊಳ್ಳುತ್ತದೆ, ಆದರೆ ಬೆನ್ನು ದಪ್ಪವಾಗಿ ಉಳಿದು ತೂಕ ಏರುತ್ತದೆ. ಮಾಡಿಸುವಾಗಲೇ ತುದಿಯ ಕಡೆ ತೆಳ್ಳಗೆ ಬಡಿಯಲು ಹೇಳಿದರೆ ತೂಕ ಹಿಡಿಕೆಯ ಹತ್ತಿರ ಉಳಿದು ಕತ್ತಿ ಒರೆಯಲ್ಲಿ ಕಡಿಮೆ ತೂಗುತ್ತದೆ.

ಒರೆಯೇ ಅರ್ಧ ಕೆಲಸ

ಕತ್ತಿಗೆ ಕೊಟ್ಟಷ್ಟೇ ಗಮನವನ್ನು ಒರೆಗೂ ಕೊಡಬೇಕೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಇದರಲ್ಲಿ ನಾನೊಮ್ಮೆ ಸೋತಿದ್ದೇನೆ. ಹಿಂದೆ ತೊಗಲಿನ ಒರೆಯೊಂದನ್ನು ಎರಡು ಪದರ ಮಡಿಚಿ ಒಂದೇ ಸಾಲು ಹೊಲಿಗೆ ಹಾಕಿಸಿ ತಂದಿದ್ದೆ. ಎರಡು ದಿನ ಮಳೆಯಲ್ಲಿ ನೆನೆದ ಮೇಲೆ ತೊಗಲು ಮೆತ್ತಗಾಯಿತು, ಮೂರನೆಯ ದಿನ ಇಳಿಜಾರಿನಲ್ಲಿ ಜಾರಿ ಕೂತಾಗ ಅಲಗಿನ ಬಾಯಿ, ಅಂದರೆ ಹರಿತವಾದ ಅಂಚು, ಒಳಗಿನಿಂದಲೇ ದಾರವನ್ನು ಕೊಯ್ದು ಹೊಲಿಗೆಯ ನಡುವೆ ಒಂದು ಬೆರಳಷ್ಟು ಹೊರಗೆ ಬಂತು. ಪ್ಯಾಂಟು ಸೀಳಿತು, ಚರ್ಮ ಉಳಿಯಿತು. ಮರಳಿ ಬಂದು ಬೆಳಗಾವಿಯಲ್ಲಿ ಚಪ್ಪಲಿ ಮಾಡುವವರೊಬ್ಬರಿಗೆ ತೋರಿಸಿದಾಗ ಅವರು ಹೊಲಿಗೆಯನ್ನು ಉಗುರಿನಿಂದ ಬಿಡಿಸಿ ನೋಡಿ, "ಸರ್, ಬಾಯಿ ಕಡೆ ನಡುವ ಇನ್ನೊಂದು ಪಟ್ಟಿ ಹಾಕೂಣ್ರಿ, ಇಲ್ಲಂದ್ರ ಯಾವ ದಾರಾನೂ ಉಳಿಯೂದಿಲ್ಲ" ಎಂದರು. ಅವರು ಹೇಳಿದ ಆ ಪಟ್ಟಿಯೇ ಒಳ್ಳೆಯ ಒರೆಯ ಮರ್ಮ. ಎರಡು ಪದರಗಳ ನಡುವೆ, ಅಲಗಿನ ಬಾಯಿ ತಾಗುವ ಅಂಚಿನುದ್ದಕ್ಕೂ, ದಪ್ಪ ತೊಗಲಿನ ಒಂದು ಬೆರಳಗಲದ ಪಟ್ಟಿಯನ್ನು ಸೇರಿಸಿ ಮೂರೂ ಪದರಕ್ಕೆ ಕೂಡಿ ಹೊಲಿಗೆ ಹಾಕಿ, ಮೇಲೊಂದು ಕೆಳಗೊಂದು ರಿವೆಟ್ ಹೊಡೆಸಬೇಕು. ಆಗ ಅಲಗು ಕೂರುವುದು ಪಟ್ಟಿಯ ಮೇಲೆ. ದಾರದ ತನಕ ಅದು ಹೋಗುವುದೇ ಇಲ್ಲ.

ತೊಗಲಿನ ಒರೆ ಮಾಡಿಸಲು ನಮ್ಮ ಭಾಗದಷ್ಟು ಅನುಕೂಲವಾದ ಜಾಗ ಬೇರೆ ಸಿಗಲಾರದು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಕ ಮಾನ್ಯತೆಯಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮತ್ತು ಧಾರವಾಡ ಜಿಲ್ಲೆಗಳೂ ಸೇರಿವೆ, ಅಥಣಿಯಂಥ ಊರುಗಳಲ್ಲಿ ಈ ಕಸುಬು ಇಂದಿಗೂ ಜೀವಂತವಾಗಿದೆ. ಜಾಲಿ ತೊಗಟೆ, ಅಳಲೆಕಾಯಿಗಳಿಂದ ಹದಮಾಡಿದ ದಪ್ಪ ತೊಗಲು ಒರೆಗೆ ಹೇಳಿ ಮಾಡಿಸಿದಂತಿರುತ್ತದೆ: ನೀರಿನಲ್ಲಿ ನೆನೆಸಿ, ಎಣ್ಣೆ ಸವರಿ ಪ್ಲಾಸ್ಟಿಕ್ ಹಾಳೆ ಸುತ್ತಿದ ಕತ್ತಿಯನ್ನು ಅದರೊಳಗೆ ಇಟ್ಟು ಒತ್ತಿ, ನೆರಳಿನಲ್ಲಿ ಒಣಗಿಸಿದರೆ ಕತ್ತಿಯ ಆಕಾರವನ್ನೇ ಪಡೆದು ಅಲುಗಾಟವಿಲ್ಲದೆ ಹಿಡಿದುಕೊಳ್ಳುತ್ತದೆ. ಅದರ ದೋಷವೂ ಅಲ್ಲೇ ಇದೆ. ತೊಗಲು ನೀರು ಹೀರುತ್ತದೆ, ಬೇಗ ಒಣಗುವುದಿಲ್ಲ, ಹದಮಾಡಿದ ತೊಗಟೆಯ ಒಗರು ಕಬ್ಬಿಣಕ್ಕೆ ತಾಗಿದರೆ ಕಪ್ಪು ಕಲೆ ಏಳುತ್ತದೆ. ಬೇಸಿಗೆ ಮತ್ತು ಚಳಿಗಾಲಕ್ಕೆ ಅದು ಅತ್ಯುತ್ತಮ, ಮಳೆಗಾಲಕ್ಕೆ ಅಲ್ಲ.

ಮಳೆಗಾಲಕ್ಕೆ ನಾನು ಬಳಸುವುದು ನೀರಾವರಿ ಸಾಮಾನಿನ ಅಂಗಡಿಯಲ್ಲಿ ತುಂಡು ಲೆಕ್ಕದಲ್ಲಿ ಸಿಗುವ ಪಿವಿಸಿ ಪೈಪಿನ ಒರೆ. ಎರಡು ಇಂಚು ಅಗಲದ ಅಲಗಿಗೆ 50 ಮಿಲಿಮೀಟರ್ ಪೈಪು ಸಾಕು, ಏಕೆಂದರೆ ಚಪ್ಪಟೆ ಮಾಡಿದಾಗ ಅದರ ಒಳಗಿನ ಅಗಲ ಸುಮಾರು 6.5 ಸೆಂಟಿಮೀಟರ್ ಆಗುತ್ತದೆ. ಪೈಪನ್ನು ಅಲಗಿಗಿಂತ ಮೂರು ಬೆರಳು ಉದ್ದ ಕತ್ತರಿಸಿಕೊಳ್ಳಿ. ಅದನ್ನು ಒಲೆಯ ಉರಿಗೆ ಹಿಡಿಯಬೇಡಿ. ಪಿವಿಸಿ ಸುಟ್ಟರೆ ಬರುವ ಹೊಗೆ ಎದೆಗೆ ಹಾನಿಕರ. ದೊಡ್ಡ ಪಾತ್ರೆಯಲ್ಲಿ ಕುದಿಯುವ ನೀರಿನೊಳಗೆ ಐದಾರು ನಿಮಿಷ ಮುಳುಗಿಸಿಟ್ಟರೆ ಪೈಪು ಮೆತ್ತಗಾಗುತ್ತದೆ. ದಪ್ಪ ಕೈಗವಸು ಹಾಕಿಕೊಂಡು ಹೊರತೆಗೆದು, ಅಲಗಿಗಿಂತ ತುಸು ದಪ್ಪನೆಯ ಕಟ್ಟಿಗೆಯ ಪಟ್ಟಿಯೊಂದನ್ನು ಒಳಗೆ ತೂರಿಸಿ, ಎರಡು ಹಲಗೆಗಳ ನಡುವೆ ಇಟ್ಟು ಮೇಲೆ ಭಾರವಾದ ಕಲ್ಲು ಹೇರಿ ತಣ್ಣಗಾಗುವವರೆಗೆ ಬಿಡಿ. ಒಮ್ಮೆಗೆ ಸರಿಬರದಿದ್ದರೆ ಮತ್ತೆ ಕುದಿನೀರಿಗೆ ಹಾಕಿ ತಿದ್ದಬಹುದು, ಅದೇ ಈ ಪೈಪಿನ ಒಳ್ಳೆಯ ಗುಣ. ಕೆಳತುದಿಯನ್ನು ಎರಡು ಸಣ್ಣ ಬೋಲ್ಟುಗಳಿಂದ ಮುಚ್ಚಿ, ನಡುವೆ ನೀರು ಇಳಿಯಲು ಸಂದು ಬಿಡಿ. ಮೇಲಿನ ಬಾಯಿಗಿಂತ ನಾಲ್ಕು ಬೆರಳು ಕೆಳಗೆ ಒಂದು ಜೊತೆ, ಕೆಳತುದಿಗಿಂತ ನಾಲ್ಕು ಬೆರಳು ಮೇಲೆ ಇನ್ನೊಂದು ಜೊತೆ ಸೀಳುಗಳನ್ನು ಬೆನ್ನಿನ ಅಂಚಿನ ಹತ್ತಿರ ಮಾಡಿಕೊಂಡರೆ ಅವುಗಳ ಮೂಲಕ ಪಟ್ಟಿ ಹಾಯಿಸಬಹುದು. ಒಳಗೆ ಒರೆಯ ಮೇಲಿನ ಬಾಯಿಯ ಹತ್ತಿರ ಹಳೆಯ ಸೈಕಲ್ ಟ್ಯೂಬಿನ ಒಂದು ತುಂಡನ್ನು ಅಂಟಿಸಿದರೆ ಕಟಕಟ ಸದ್ದು ನಿಲ್ಲುತ್ತದೆ. ಈ ಸದ್ದು ಸಣ್ಣದೆನಿಸಿದರೂ ಮೂರು ತಾಸು ಕೇಳಿದಾಗ ಅದೂ ಒಂದು ಕಿರುಕುಳವೇ.

ಹಿಡಿಕೆಯನ್ನು ಕಟ್ಟಿಹಾಕುವ ಪಟ್ಟಿಗೆ ಟಿಚ್ ಬಟನ್ ಹಾಕಿಸಿ. ಆ ಪಟ್ಟಿ ಹಿಡಿಕೆಯ ಸುತ್ತ ಬರಬೇಕೇ ಹೊರತು ಅಲಗಿನ ಬಾಯಿಯ ದಾರಿಗೆ ಅಡ್ಡ ಬರಬಾರದು, ಬಂದರೆ ಕತ್ತಿಯನ್ನು ಒಳಗೆ ತಳ್ಳುವಾಗ ಒಂದಿಲ್ಲೊಂದು ದಿನ ಪಟ್ಟಿಯೇ ತುಂಡಾಗುತ್ತದೆ. ಒರೆ ಸಿದ್ಧವಾದ ಮೇಲೆ ಕತ್ತಿಯನ್ನು ಹಾಕಿ, ಟಿಚ್ ಬಟನ್ ಹಾಕದೆಯೇ ತಲೆಕೆಳಗಾಗಿ ಹಿಡಿದು ಅಲುಗಾಡಿಸಿ ನೋಡಿ. ಕೆಳಗೆ ಮೆತ್ತನೆಯ ಹಾಸಿಗೆಯೋ ಮಣ್ಣೋ ಇರಲಿ, ಕಾಲು ದೂರವಿರಲಿ. ಜಾರಿ ಬಿದ್ದರೆ ಹಿಡಿತ ಸಾಲದು ಎಂದರ್ಥ.

ಮೈಯ ಮೇಲೆ ಎಲ್ಲಿ

ನಮ್ಮ ಪಶ್ಚಿಮಘಟ್ಟದ ಅಂಚಿನ ಊರುಗಳಲ್ಲಿ ಸೌದೆಗೆ, ಸೊಪ್ಪಿಗೆ ಹೋಗುವವರು ಸೊಂಟಕ್ಕೆ ಹಗ್ಗ ಬಿಗಿದು ಅದರ ಹಿಂಭಾಗದಲ್ಲಿ ಮರದ ಕೊಕ್ಕೆಯೊಂದನ್ನು ಕಟ್ಟಿಕೊಂಡು ಕತ್ತಿಯನ್ನು ಅದಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ನೋಡಿದವರಿಗೆಲ್ಲ ಅದರ ಜಾಣ್ಮೆ ಹೊಳೆಯುತ್ತದೆ. ನಡೆಯುವಾಗ ಸೊಂಟದ ಹಿಂಭಾಗ ತೊಡೆಯಷ್ಟು ಅಲುಗುವುದಿಲ್ಲ, ಎರಡೂ ಕೈ ಖಾಲಿ ಇರುತ್ತವೆ, ಹಿಡಿಕೆ ಬೇಕೆಂದಾಗ ಕೈಗೆ ಸಿಗುತ್ತದೆ. ಆದರೆ ಅದನ್ನು ಚಾರಣಿಗರು ಹಾಗೆಯೇ ಅನುಕರಿಸುವುದನ್ನು ನಾನು ಒಪ್ಪುವುದಿಲ್ಲ. ಕೊಕ್ಕೆಯಲ್ಲಿ ಅಲಗು ಬಯಲಾಗಿರುತ್ತದೆ. ಅದನ್ನು ಕಟ್ಟಿಕೊಂಡೇ ಬೆಳೆದವರು ಕೂರುವ ಮೊದಲು ಯೋಚಿಸದೆಯೇ ಕತ್ತಿಯನ್ನು ತೆಗೆದಿಡುತ್ತಾರೆ, ವರ್ಷಕ್ಕೆ ನಾಲ್ಕು ಬಾರಿ ಕಾಡಿಗೆ ಹೋಗುವ ನಮಗೆ ಆ ಅಭ್ಯಾಸವಿಲ್ಲ. ಹಿಮ್ಮುಖ ಜಾರಿ ಬಿದ್ದರೆ ಏನಾಗುತ್ತದೆ ಎಂಬುದು ಊಹೆಗೆ ಬಿಟ್ಟದ್ದು. ಮೇಲಾಗಿ ಬೆನ್ನುಚೀಲ ಹೊತ್ತವರಿಗೆ ಆ ಜಾಗವೇ ಉಳಿದಿರುವುದಿಲ್ಲ.

ಸೊಂಟದ ಪಕ್ಕಕ್ಕೆ ಬೆಲ್ಟಿನಲ್ಲಿ ಕಟ್ಟುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಆರೇಳು ಇಂಚಿನವರೆಗಿನ ಚಾಕುವಿಗೆ ಅದು ಸರಿ. ದೊಡ್ಡ ಕತ್ತಿಗೆ ಮೂರು ತೊಡಕುಗಳು ಎದುರಾಗುತ್ತವೆ: ಬೆನ್ನುಚೀಲದ ಸೊಂಟಪಟ್ಟಿ ಒರೆಯ ಮೇಲೇ ಬಂದು ಕೂತು ಎಲುಬಿಗೆ ಒತ್ತುತ್ತದೆ, ಏರು ಹತ್ತುವಾಗ ತೊಡೆ ಎತ್ತಿದ ಪ್ರತಿ ಸಲ ಒರೆ ಮುಂದಕ್ಕೆ ತಳ್ಳಲ್ಪಡುತ್ತದೆ, ಕೂತಾಗ ತುದಿ ನೆಲಕ್ಕೆ ತಾಗಿ ಹಿಡಿಕೆ ಮೇಲೇರುತ್ತದೆ. ಚೀಲವಿಲ್ಲದೆ ಹೊರಟ ಸಣ್ಣ ನಡಿಗೆಯಲ್ಲಿ ಬೆಲ್ಟಿಗೇ ಕಟ್ಟಬೇಕಾದರೆ ಒರೆಯನ್ನು ಒಂದು ಗೇಣು ಉದ್ದದ ಪಟ್ಟಿಯಿಂದ ಕೆಳಗೆ ಇಳಿಬಿಡಿ, ಹಿಡಿಕೆಯ ತುದಿ ಬೆಲ್ಟಿಗಿಂತ ಕೆಳಗಿರಲಿ, ಒರೆಯ ಕೆಳಭಾಗವನ್ನು ಅಗಲವಾದ ಮೆತ್ತನೆಯ ಪಟ್ಟಿಯಿಂದ ಮೊಣಕಾಲಿನ ಮೇಲ್ಭಾಗದಲ್ಲಿ ತೊಡೆಗೆ ಸಡಿಲವಾಗಿ ಸುತ್ತಿ. ತೆಳು ದಾರದಿಂದ ಕಟ್ಟಿದರೆ ಬೆವರಿದ ಬಟ್ಟೆಯ ಮೇಲೆ ಅದು ಗರಗಸದಂತೆ ಉಜ್ಜುತ್ತದೆ.

ಬೆನ್ನುಚೀಲ ಇರುವವರಿಗೆ ನಾನು ಶಿಫಾರಸು ಮಾಡುವ ಜಾಗ ಒಂದೇ, ಚೀಲದ ಪಕ್ಕ. ಒರೆಯ ಕೆಳತುದಿಯನ್ನು ನೀರಿನ ಬಾಟಲಿ ಇಡುವ ಜೇಬಿನೊಳಗೆ ಇಳಿಸಿ, ಮೇಲಿನ ಭಾಗವನ್ನು ಚೀಲದ ಪಕ್ಕದ ಬಿಗಿಪಟ್ಟಿಯಿಂದ ಎಳೆದು ಕಟ್ಟಿ. ಬಿಗಿಪಟ್ಟಿಯನ್ನು ಒರೆಯ ಸೀಳುಗಳ ಮೂಲಕವೇ ಹಾಯಿಸಿದರೆ ಒರೆ ಮೇಲೆ ಕೆಳಗೆ ಜಾರುವುದಿಲ್ಲ. ಜೇಬಿನ ಬಟ್ಟೆ ಜಾಳಿಗೆಯದ್ದಾಗಿದ್ದರೆ ತಳಕ್ಕೆ ತಾಡಪತ್ರಿಯ ತುಂಡೊಂದನ್ನು ಮಡಿಚಿ ಹಾಕಬೇಕು, ಇಲ್ಲವಾದರೆ ಪೈಪಿನ ಅಂಚು ಒಂದೆರಡು ನಡಿಗೆಯಲ್ಲೇ ಅದನ್ನು ತೂತುಮಾಡುತ್ತದೆ. ಅಲಗಿನ ಬಾಯಿ ಹಿಂದಕ್ಕೆ, ಅಂದರೆ ನಿಮ್ಮ ಮೈಯಿಂದ ಆಚೆಗೆ ಮುಖಮಾಡಿರಲಿ. ಹಿಡಿಕೆಯ ತುದಿ ಕಂಕುಳಿಗಿಂತ ಮೇಲೆ ಹೋಗಬಾರದು. ಹೋದರೆ ಕೈ ಬೀಸುವಾಗ ಮೊಣಕೈಗೆ ತಾಗುತ್ತದೆ, ಭುಜಕ್ಕಿಂತ ಮೇಲೆ ಬಂದರಂತೂ ಪ್ರತಿ ಬಳ್ಳಿಯೂ ಅದಕ್ಕೇ ಸಿಕ್ಕಿಕೊಂಡು ನಿಮ್ಮನ್ನು ಹಿಂದಕ್ಕೆ ಎಳೆಯುತ್ತದೆ. ಎದುರು ಪಕ್ಕದ ಜೇಬಿನಲ್ಲಿ ಒಂದು ಲೀಟರ್ ನೀರು ಇಟ್ಟರೆ ತೂಕ ಸರಿದೂಗುತ್ತದೆ. ನೀರು ಖಾಲಿಯಾಗುತ್ತ ಬಂದಂತೆ ಚೀಲ ಕತ್ತಿಯ ಕಡೆ ವಾಲುವುದು ಗೊತ್ತಾಗುವುದರಿಂದ ನಡುವೆ ಒಮ್ಮೆ ಬೇರೇನಾದರೂ ಆ ಕಡೆಗೆ ಸರಿಸಿಕೊಳ್ಳಬೇಕು.

ಹೀಗೆ ಕಟ್ಟಿದ ಕತ್ತಿಯನ್ನು ಚೀಲ ಹೊತ್ತಿರುವಾಗಲೇ ಹಿರಿದು ತೆಗೆಯಬಾರದು. ಒಂದು ಅಡಿ ಅಲಗು ಒರೆಯಿಂದ ಪೂರ್ತಿ ಹೊರಬರುವಷ್ಟರಲ್ಲಿ ಅದರ ತುದಿ ನಿಮ್ಮ ಕಿವಿಯ ಹತ್ತಿರ ಹಾದಿರುತ್ತದೆ, ನಿಮ್ಮ ಕಣ್ಣು ಬೇರೆಡೆ ಇರುತ್ತದೆ. ಚೀಲ ಇಳಿಸಿ, ನೆಲಕ್ಕೆ ಒರಗಿಸಿ, ಆಮೇಲೆ ತೆಗೆಯಿರಿ. ಒರೆಯನ್ನು ಹಿಡಿಯುವ ಎಡಗೈಯ ಬೆರಳುಗಳು ಅಲಗಿನ ಬೆನ್ನಿನ ಕಡೆಯ ಅಂಚಿನಲ್ಲಿರಲಿ, ಬಾಯಿಯ ಕಡೆಯ ಅಂಚನ್ನು ಮುಷ್ಟಿಯಲ್ಲಿ ಸುತ್ತಿ ಹಿಡಿಯಬೇಡಿ. ಹೊಲಿಗೆ ಸೋತ ದಿನ ಅಲಗು ಮೊದಲು ತಲುಪುವುದು ಆ ಬೆರಳುಗಳನ್ನೇ. ಇಷ್ಟೆಲ್ಲ ಮಾಡಲು ಅರ್ಧ ನಿಮಿಷ ಬೇಕು. ದಾರಿ ನೂರು ಹೆಜ್ಜೆಗೊಮ್ಮೆ ಮುಚ್ಚಿದ್ದರೆ ಮುಂದೆ ನಡೆಯುವ ಒಬ್ಬರು ಮಾತ್ರ ಕತ್ತಿಯನ್ನು ಕೈಯಲ್ಲಿ ಹಿಡಿಯಲಿ, ಅವರ ಚೀಲವನ್ನು ಉಳಿದವರು ಹಂಚಿಕೊಳ್ಳಲಿ, ಹಿಂದಿನವರು ಐದಾರು ಹೆಜ್ಜೆ ದೂರ ಇರಲಿ. ಕೆಲಸ ಮುಗಿದ ಕೂಡಲೇ, ಮತ್ತು ಇಳಿಜಾರು ಅಥವಾ ಹಳ್ಳ ದಾಟುವ ಮೊದಲು, ಕತ್ತಿ ಒರೆ ಸೇರಬೇಕು.

ಚೀಲಕ್ಕೂ ಬೆನ್ನಿಗೂ ನಡುವೆ ಒರೆಯನ್ನು ತೂರಿಸುವವರನ್ನು ನೋಡಿದ್ದೇನೆ. ಅಲುಗುವುದಿಲ್ಲ ಎಂಬುದು ನಿಜ, ಆದರೆ ಬಿದ್ದಾಗ ಗಟ್ಟಿ ಹಿಡಿಕೆ ಬೆನ್ನುಹುರಿಗೇ ಬಡಿಯುತ್ತದೆ. ಅದು ಬೇಡ.

ಹೊರಡುವ ಮೊದಲು, ಮರಳಿದ ಮೇಲೆ

ಕಟ್ಟಿದ್ದು ಸರಿಯಾಯಿತೇ ಎಂಬುದನ್ನು ಮನೆಯಲ್ಲೇ ನೋಡಿಕೊಳ್ಳಿ. ಪೂರ್ತಿ ತುಂಬಿದ ಚೀಲ ಹೊತ್ತು ಮೆಟ್ಟಿಲನ್ನು ಹತ್ತು ಸಲ ಹತ್ತಿ ಇಳಿಯಿರಿ, ಕುಕ್ಕರಗಾಲಿನಲ್ಲಿ ಕೂರಿರಿ, ಬೂಟಿನ ದಾರ ಕಟ್ಟಲು ಬಾಗಿ, ನಿಂತಲ್ಲೇ ಸಣ್ಣಗೆ ಹಾರಿ. ಎಲ್ಲಿ ತಾಗಿತು, ಎಲ್ಲಿ ಸದ್ದಾಯಿತು ಎಂಬುದನ್ನು ಗಮನಿಸಿ ಪಟ್ಟಿಯನ್ನು ತಿದ್ದಿಕೊಳ್ಳಿ. ಹತ್ತು ನಿಮಿಷದಲ್ಲಿ ಒಮ್ಮೆ ತಾಗಿದ್ದು ದಾರಿಯಲ್ಲಿ ದಿನವಿಡೀ ತಾಗುತ್ತದೆ. ಜೊತೆಗೆ ಗಾಯಕ್ಕೆ ಒತ್ತಿ ಕಟ್ಟಲು ಶುಭ್ರ ಬಟ್ಟೆ ಮತ್ತು ಅಗಲವಾದ ಬ್ಯಾಂಡೇಜು ಕೈಗೆ ಸಿಗುವ ಜೇಬಿನಲ್ಲಿರಲಿ, ಏಕೆಂದರೆ ಕಣಕುಂಬಿ ಕಡೆಯಿಂದ ಖಾನಾಪುರ ಅಥವಾ ಬೆಳಗಾವಿಯ ಆಸ್ಪತ್ರೆ ಮುಟ್ಟಲು ಸಾಕಷ್ಟು ಹೊತ್ತು ಬೇಕು.

ಮರಳಿದ ದಿನವೇ ಕತ್ತಿಯನ್ನು ಒರೆಯಿಂದ ತೆಗೆದು ಒರೆಸಿ ಒಣಗಿಸಿ, ಅಲಗಿಗೆ ಕೊಬ್ಬರಿ ಎಣ್ಣೆ ಅಥವಾ ಮಶಿನ್ ಎಣ್ಣೆ ತೆಳ್ಳಗೆ ಸವರಬೇಕು. ನಮ್ಮ ಕಡೆ ಮನೆಯಲ್ಲಿ ಸದಾ ಇರುವ ಕುಸುಬಿ ಎಣ್ಣೆಯನ್ನು ಅಲಗಿಗೆ ಹಚ್ಚಬೇಡಿ; ಅದು ಗಾಳಿಗೆ ಒಣಗಿ ಅಂಟಾಗುತ್ತದೆ, ಅಂಟಿಗೆ ಕಸ ಹಿಡಿದು ಕತ್ತಿ ಒರೆಯಿಂದ ಜಗ್ಗಿ ಜಗ್ಗಿ ಬರುತ್ತದೆ. ಅದೇ ಒಣಗುವ ಗುಣದಿಂದಾಗಿ ಅಗಸಿ ಎಣ್ಣೆ ಕಟ್ಟಿಗೆಯ ಹಿಡಿಕೆಗೆ ಬಹಳ ಒಳ್ಳೆಯದು: ತೆಳ್ಳಗೆ ತಿಕ್ಕಿ ಎರಡು ದಿನ ಬಿಟ್ಟರೆ ಬೆವರು, ಮಳೆ ಒಳಗಿಳಿಯುವುದು ಕಡಿಮೆಯಾಗುತ್ತದೆ. ಹಚ್ಚಿದ ಅರಿವೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬಾರದು, ಅಗಸಿ ಎಣ್ಣೆ ಒಣಗುವಾಗ ಬಿಸಿಯೇರಿ ಅರಿವೆಗೆ ಬೆಂಕಿ ಹತ್ತುವುದುಂಟು. ಬಿಡಿಸಿ ಹಗ್ಗದ ಮೇಲೆ ಹರವಿ. ಪೈಪಿನ ಒರೆಯನ್ನು ನೀರಿನಿಂದ ತೊಳೆದು ತಲೆಕೆಳಗಾಗಿ ನೇತುಹಾಕಿದರೆ ಸಾಕು. ತೊಗಲಿನದ್ದನ್ನು ಬಿಸಿಲಿಗಿಡದೆ, ಒಳಗೆ ಕಾಗದ ತುರುಕಿ ನೆರಳಿನಲ್ಲಿ ಒಣಗಿಸಿ. ಮುಂದಿನ ನಡಿಗೆಯವರೆಗೆ ಕತ್ತಿ ಒರೆಯ ಹೊರಗೆ, ಎಣ್ಣೆ ಹಚ್ಚಿದ ಅರಿವೆಯಲ್ಲಿ ಸುತ್ತಿಕೊಂಡು, ಮಕ್ಕಳ ಕೈಗೆ ಎಟುಕದ ಕಡೆ ಇರಲಿ.